ತಾಮ್ರಕ್ಕೆ ಅಂಟದ ಆಯಸ್ಕಾಂತ, ತಾಮ್ರ ಸುತ್ತಿದ ಮೊಳೆಗೆ ಎಲ್ಲಿಂದ ಬಂತು?

ಪ್ರಶ್ನೆ: ನನ್ನ ಮಗಳು ಏಳನೇ ಕ್ಲಾಸು. ಹೋದ ವಾರ ಕಬ್ಬಿಣದ ಮೊಳೆಗೆ ತಾಮ್ರದ ತಂತಿ ಸುತ್ತಿ, ಪೆನ್ಸಿಲ್ ಸೆಲ್‌ಗೆ ಜೋಡಿಸಿ ವಿದ್ಯುತ್ಕಾಂತ ಮಾಡಿದಳು. ಗುಂಡುಪಿನ್ನುಗಳು ಚೆನ್ನಾಗಿ ಅಂಟಿಕೊಂಡವು. ಸೆಲ್ ಬಿಡಿಸಿದಾಗ ಉದುರಿದವು. ಆದರೆ ಎರಡು ಪಿನ್ನು ಬೀಳಲೇ ಇಲ್ಲ. ಅವಳ ಪ್ರಶ್ನೆ ಇದು: "ತಾಮ್ರಕ್ಕೆ ಆಯಸ್ಕಾಂತ ಅಂಟೋದೇ ಇಲ್ಲ ಅಲ್ವಾ? ಮತ್ತೆ ತಾಮ್ರ ಸುತ್ತಿದ್ರೆ ಮೊಳೆ ಹೇಗೆ ಆಯಸ್ಕಾಂತ ಆಯ್ತು? ಸೆಲ್ ಒಳಗೆ ಆಯಸ್ಕಾಂತ ಇರುತ್ತಾ?" ಸೆಲ್ ಬೇರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿತ್ತು. ಮೊಳೆ ಅಷ್ಟೊಂದು ಕರೆಂಟ್ ತಿಂದುಬಿಟ್ಟಿತಾ? ನಾನು ಓದಿದ್ದು ಬಿ.ಎ. ಅವಳಿಗೆ ಏನು ಹೇಳಲಿ?

ಉತ್ತರ: ಮೂವತ್ತು ವರ್ಷ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟಿದ್ದೇನೆ. ಮೊಳೆಗೆ ತಂತಿ ಸುತ್ತುವ ಈ ಪ್ರಯೋಗವನ್ನು ನೂರಾರು ಮಕ್ಕಳ ಕೈಲಿ ಮಾಡಿಸಿದ್ದೇನೆ. ಎಷ್ಟು ಪಿನ್ನು ಅಂಟಿದವು ಎಂದು ಎಲ್ಲರೂ ಎಣಿಸುತ್ತಾರೆ. ಎಷ್ಟು ಬೀಳಲಿಲ್ಲ ಎಂದು ನೋಡುವ ಮಗು ಅಪರೂಪ. ಆ ಎರಡು ಪಿನ್ನುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ತಾಮ್ರದ ಗಂಟು ಬಿಡಿಸಬೇಕು.

ಸೆಲ್ ಒಳಗೆ ಆಯಸ್ಕಾಂತ ಇಲ್ಲ. ಎಷ್ಟೋ ಪೆನ್ಸಿಲ್ ಸೆಲ್‌ಗಳ ಹೊರಗಿನ ಡಬ್ಬಿ ಉಕ್ಕಿನದು. ಅದಕ್ಕೆ ಆಯಸ್ಕಾಂತ ಹಿಡಿದರೆ ಅಂಟುತ್ತದೆ. ಮಗಳು ಅದನ್ನು ನೋಡಿಯೇ ಹಾಗೆ ಕೇಳಿರಬಹುದು. ಒಳಗಿರುವುದು ಸತು, ಮ್ಯಾಂಗನೀಸ್ ಡಯಾಕ್ಸೈಡ್ ಮತ್ತು ಅವೆರಡರ ನಡುವೆ ಕೆಲಸ ಮಾಡುವ ಒಂದು ರಾಸಾಯನಿಕ. ಇವೆಲ್ಲ ಸೇರಿ ಮಾಡುವುದು ಒಂದೇ ಕೆಲಸ. ತಂತಿಯಲ್ಲಿರುವ ಎಲೆಕ್ಟ್ರಾನ್‌ಗಳನ್ನು (ವಿದ್ಯುತ್ ಆವೇಶ ಹೊತ್ತ ಅತಿ ಪುಟ್ಟ ಕಣಗಳನ್ನು) ಒಂದು ತುದಿಯಿಂದ ತಳ್ಳುತ್ತವೆ, ಇನ್ನೊಂದು ತುದಿಯಿಂದ ಎಳೆದುಕೊಳ್ಳುತ್ತವೆ.

ತಾಮ್ರಕ್ಕೆ ಆಯಸ್ಕಾಂತ ಅಂಟುವುದಿಲ್ಲ ಎಂಬ ಅವಳ ಮಾತು ಪೂರ್ತಿ ಸರಿ. ಬರೀ ತಂತಿಯನ್ನು ದಿಕ್ಸೂಚಿಯ ಮೇಲೆ ಹಿಡಿದರೆ ಮುಳ್ಳು ಅಲುಗುವುದಿಲ್ಲ. ಅದೇ ತಂತಿಯ ಎರಡು ತುದಿಯನ್ನು ಸೆಲ್‌ಗೆ ಮುಟ್ಟಿಸಿ ನೋಡಿ. ಮುಳ್ಳು ಥಟ್ಟನೆ ತಿರುಗುತ್ತದೆ. ತುದಿ ಬಿಡಿಸಿದರೆ ವಾಪಸ್ಸು ಬರುತ್ತದೆ. ತಾಮ್ರ ಅದೇ ತಾಮ್ರ. ಬದಲಾದದ್ದು ಏನು? ಅದರೊಳಗಿನ ಎಲೆಕ್ಟ್ರಾನ್‌ಗಳು ಎಲ್ಲ ಒಂದೇ ಕಡೆಗೆ ಸಾಗತೊಡಗಿದವು. ವಿದ್ಯುತ್ ಆವೇಶ ಇರುವ ಯಾವುದೇ ಕಣ ಸಾಗಿದರೆ ಅದರ ಸುತ್ತ ಕಾಂತಬಲ ಹುಟ್ಟುತ್ತದೆ. ಮೊಳೆಗೆ ಬಂದ ಗುಣದ ಮೂಲ ಆ ಓಡಾಟ. ತಾಮ್ರ ಅದಕ್ಕೆ ದಾರಿ ಮಾತ್ರ.

ಇದನ್ನು ಮೊದಲು ಜಗತ್ತಿಗೆ ತೋರಿಸಿದವರು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಓರ್‌ಸ್ಟೆಡ್. ಕೋಪನ್‌ಹೇಗನ್ನಿನಲ್ಲಿ ಪ್ರೊಫೆಸರ್ ಆಗಿದ್ದರು. ಇಟಲಿಯ ವೋಲ್ಟಾ 1800ರಲ್ಲಿ ಮೊದಲ ಬ್ಯಾಟರಿಯನ್ನು ಪ್ರಕಟಿಸಿದ್ದರು. ಅಲ್ಲಿಯವರೆಗೆ ತಂತಿಯಲ್ಲಿ ಬಿಡದೆ ಹರಿಯುವ ಕರೆಂಟೇ ಯಾರ ಕೈಗೂ ಸಿಕ್ಕಿರಲಿಲ್ಲ. 1820ರಲ್ಲಿ ಓರ್‌ಸ್ಟೆಡ್ ಪಾಠ ಮಾಡುತ್ತಿದ್ದಾಗ, ಮೇಜಿನ ಮೇಲಿದ್ದ ದಿಕ್ಸೂಚಿಯ ಮುಳ್ಳು ಕರೆಂಟ್ ಹರಿದಾಗ ಅಲುಗಿತು. ಈ ಕಥೆಯನ್ನು ಕೆಲವರು ಬರೀ ಅದೃಷ್ಟ ಎನ್ನುವಂತೆ ಹೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ವಿದ್ಯುತ್ತಿಗೂ ಕಾಂತಕ್ಕೂ ನಂಟಿದೆ ಎಂದು ಅವರು ವರ್ಷಗಳಿಂದ ನಂಬಿದ್ದರು. ಹುಡುಕುತ್ತಲೇ ಇದ್ದರು. ಮುಂದೆ ಇನ್ನಷ್ಟು ಪ್ರಯೋಗ ಮಾಡಿ, ಅದೇ ವರ್ಷ ಜುಲೈ 21ರಂದು ಲ್ಯಾಟಿನ್ ಭಾಷೆಯಲ್ಲಿ ಒಂದು ಚಿಕ್ಕ ಲೇಖನ ಹೊರತಂದರು. ಅಲ್ಲಿಯವರೆಗೆ ವಿದ್ಯುತ್ ಒಂದು ಪಾಠ, ಕಾಂತ ಇನ್ನೊಂದು ಪಾಠ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಈಗಲೂ ಎಷ್ಟೋ ಕಡೆ ಹಾಗೇ ಇದೆ. ಅದಕ್ಕೇ ಮಕ್ಕಳಿಗೆ ಅವು ಬೇರೆ ಬೇರೆ ಎನ್ನಿಸುತ್ತದೆ.

ಓರ್‌ಸ್ಟೆಡ್ ಮಾಡಿದ್ದನ್ನು ನಿಮ್ಮ ಅಡುಗೆಮನೆಯಲ್ಲೇ ಮಾಡಬಹುದು. ದಿಕ್ಸೂಚಿ ಇಲ್ಲದಿದ್ದರೆ ಚಿಂತೆ ಇಲ್ಲ. ಬಟ್ಟೆ ಹೊಲಿಯುವ ಸೂಜಿಯನ್ನು ಆಯಸ್ಕಾಂತದ ಒಂದೇ ತುದಿಯಿಂದ, ಒಂದೇ ದಿಕ್ಕಿನಲ್ಲಿ ಮೂವತ್ತು ನಲವತ್ತು ಸಲ ಸವರಿ. ಹಿಂದಕ್ಕೂ ಮುಂದಕ್ಕೂ ಉಜ್ಜಬೇಡಿ. ಒಂದು ಚೂರು ಥರ್ಮಾಕೋಲ್ ಮೇಲೆ ಮಲಗಿಸಿ ನೀರಿನಲ್ಲಿ ತೇಲಿಬಿಡಿ. ಪ್ಲಾಸ್ಟಿಕ್ ಇಲ್ಲವೇ ಗಾಜಿನ ಬಟ್ಟಲು ತೆಗೆದುಕೊಳ್ಳಿ, ಸ್ಟೀಲಿನದು ಬೇಡ. ಸೂಜಿ ನಿಧಾನವಾಗಿ ತಿರುಗಿ ಉತ್ತರ ದಕ್ಷಿಣವಾಗಿ ನಿಲ್ಲುತ್ತದೆ. ಹಳಬರು ಆಯಸ್ಕಾಂತವನ್ನು ಸೂಜಿಗಲ್ಲು ಎಂದು ಕರೆಯುತ್ತಿದ್ದದ್ದು ಸುಮ್ನೆ ಅಲ್ಲ.

ಈಗ ತಂತಿಯನ್ನು ಸೂಜಿಯ ಮೇಲೆ, ಸೂಜಿಯ ಉದ್ದಕ್ಕೇ ಬರುವ ಹಾಗೆ, ಒಂದು ಸೆಂಟಿಮೀಟರ್ ಎತ್ತರದಲ್ಲಿ ಹಿಡಿಯಿರಿ. ಸೆಲ್ ಮುಟ್ಟಿಸಿ. ಸೂಜಿ ತಂತಿಯ ಕಡೆಗೆ ಬರುವುದಿಲ್ಲ, ದೂರವೂ ಹೋಗುವುದಿಲ್ಲ. ಅಡ್ಡಕ್ಕೆ ತಿರುಗುತ್ತದೆ. ಮಗಳಿಗೆ ಇದನ್ನು ಗಮನವಿಟ್ಟು ನೋಡಲು ಹೇಳಿ. ತಂತಿಯ ಸುತ್ತ ಹುಟ್ಟುವ ಕಾಂತಬಲ ತಂತಿಯನ್ನು ಬಳೆಯ ಹಾಗೆ ಸುತ್ತುವರಿದಿರುತ್ತದೆ. ಸೆಲ್ಲನ್ನು ತಿರುವುಮುರುವು ಮಾಡಿದರೆ ಬಳೆಯ ದಿಕ್ಕೂ ತಿರುಗುತ್ತದೆ, ಸೂಜಿ ಎದುರು ಪಕ್ಕಕ್ಕೆ ವಾಲುತ್ತದೆ.

ಒಂದು ತಂತಿಯ ಬಲ ಕಡಿಮೆ. ಅದನ್ನೇ ಸುರುಳಿ ಸುತ್ತಿದರೆ? ಪ್ರತಿ ಸುತ್ತಿನ ಬಲವೂ ಸುರುಳಿಯ ನಡುವೆ ಒಂದೇ ಕಡೆಗೆ ಕೂಡಿಕೊಳ್ಳುತ್ತದೆ. ಓರ್‌ಸ್ಟೆಡ್ ಸುದ್ದಿ ಪ್ಯಾರಿಸ್ ತಲುಪಿದ ಕೆಲವೇ ವಾರಗಳಲ್ಲಿ ಆಂದ್ರೆ ಮಾರೀ ಆಂಪಿಯರ್ ಇದರ ಗಣಿತವನ್ನೇ ಶುರುಮಾಡಿದರು. ಕರೆಂಟ್ ಅಳೆಯುವ ಆಂಪಿಯರ್ ಎಂಬ ಮಾನ ಅವರ ಹೆಸರಿನದು. ಮಗಳು ಒಂದು ಸಲ ಮೊಳೆಯನ್ನು ಹೊರಗೆಳೆದು ಬರೀ ಸುರುಳಿಯನ್ನು ಸೂಜಿಯ ಹತ್ತಿರ ತರಲಿ. ಸೂಜಿ ಆಗಲೂ ತಿರುಗುತ್ತದೆ. ಸುರುಳಿಯ ಒಂದು ತುದಿ ಉತ್ತರ ಧ್ರುವ, ಇನ್ನೊಂದು ದಕ್ಷಿಣ ಧ್ರುವ. ಯಾವುದು ಉತ್ತರ ಎಂದು ಮೊದಲೇ ಹೇಳಬಹುದು. ಬಲಗೈ ಬೆರಳುಗಳನ್ನು ಸುರುಳಿಯಲ್ಲಿ ಕರೆಂಟ್ ಹೋಗುವ ದಿಕ್ಕಿಗೆ ಮಡಿಸಿ ಹಿಡಿದರೆ ಹೆಬ್ಬೆರಳು ತೋರಿಸುವುದೇ ಉತ್ತರ. ಇಲ್ಲಿ ಕರೆಂಟಿನ ದಿಕ್ಕು ಎಂದರೆ ಸೆಲ್ಲಿನ ಪ್ಲಸ್ ತುದಿಯಿಂದ ಮೈನಸ್ ಕಡೆಗೆ. ನಿಜವಾಗಿ ಎಲೆಕ್ಟ್ರಾನ್‌ಗಳು ಸಾಗುವುದು ಇದರ ಎದುರು ದಿಕ್ಕಿಗೆ. ದಿಕ್ಕಿನ ರೂಢಿ ಮೊದಲು ಬಂತು, ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ. ರೂಢಿ ಹಾಗೇ ಉಳಿಯಿತು.

ಇನ್ನು ನಿಮ್ಮ ಪ್ರಶ್ನೆ. ಮೊಳೆ ಕರೆಂಟ್ ತಿಂದಿತಾ?

ಇಲ್ಲಿ ದೊಡ್ಡವರೂ ಎಡವುತ್ತಾರೆ. ಸೆಲ್ ಎಂದರೆ ಕರೆಂಟ್ ತುಂಬಿಟ್ಟ ಡಬ್ಬಿ, ಬಲ್ಬು ಅದನ್ನು ಕುಡಿದು ಖಾಲಿ ಮಾಡುತ್ತದೆ ಎಂದುಕೊಳ್ಳುತ್ತೇವೆ. ನಾನು ಕ್ಲಾಸಿನಲ್ಲಿ ಸೈಕಲ್ ಚೈನು ತೋರಿಸುತ್ತಿದ್ದೆ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಪೆಡಲ್ ತಿರುಗಿಸಿದರೆ ಚೈನು ಸುತ್ತುತ್ತದೆ, ಹಿಂದಿನ ಚಕ್ರ ತಿರುಗುತ್ತದೆ. ಚಕ್ರದ ಹತ್ತಿರ ಚೈನಿನ ಕೊಂಡಿಗಳೇನಾದರೂ ಖರ್ಚಾದವಾ? ಹೋದಷ್ಟೂ ವಾಪಸ್ಸು ಬಂದವು. ಖರ್ಚಾದದ್ದು ನಮ್ಮ ಕೈಯ ಶಕ್ತಿ. ಚೈನು ಅದನ್ನು ಇಲ್ಲಿಂದ ಅಲ್ಲಿಗೆ ಮುಟ್ಟಿಸಿತು, ಅಷ್ಟೇ. ತಂತಿಯ ಎಲೆಕ್ಟ್ರಾನ್‌ಗಳು ಆ ಕೊಂಡಿಗಳ ಹಾಗೆ. ಸೆಲ್ಲಿನ ತಳ್ಳುವಿಕೆ, ಅಂದರೆ ವೋಲ್ಟೇಜ್, ಪೆಡಲ್ ಮೇಲಿನ ಒತ್ತಡದ ಹಾಗೆ. ಒಂದು ಸೆಕೆಂಡಿಗೆ ಎಷ್ಟು ಕೊಂಡಿ ದಾಟಿದವು ಎಂಬುದು ಆಂಪಿಯರ್. ಚೈನು ಒಂದು ಕಡೆ ತುಂಡಾದರೆ ಎಲ್ಲ ನಿಂತುಹೋಗುತ್ತದೆ. ಸ್ವಿಚ್ ಆಫ್ ಮಾಡುವುದು ಎಂದರೆ ಆ ತುಂಡು ಮಾಡುವ ಕೆಲಸವೇ.

ಇನ್ನೊಂದು ವಿಷಯ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಎಲೆಕ್ಟ್ರಾನ್‌ಗಳು ತಂತಿಯಲ್ಲಿ ಸಾಗುವುದು ಬಹಳ ನಿಧಾನ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಕರೆಂಟ್ ಹರಿಯುವಾಗ ಅವು ಗಂಟೆಗೆ ಮುಂದೆ ಹೋಗುವುದು ಸುಮಾರು 26 ಸೆಂಟಿಮೀಟರ್. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ನಿಮ್ಮ ಮಗಳ ತಂತಿ ತೆಳ್ಳಗಿರುತ್ತದೆ, ಹರಿದ ಕರೆಂಟೂ ಜಾಸ್ತಿ. ಆದರೂ ಸೆಕೆಂಡಿಗೆ ಒಂದೆರಡು ಮಿಲಿಮೀಟರ್ ಅಷ್ಟೇ. ಇರುವೆ ಇದಕ್ಕಿಂತ ಎಷ್ಟೋ ಬೇಗ ಓಡುತ್ತದೆ. ಹಾಗಾದರೆ ಸ್ವಿಚ್ ಒತ್ತಿದ ತಕ್ಷಣ ದೀಪ ಹತ್ತುವುದು ಹೇಗೆ? ಪೆಡಲ್ ತುಳಿದ ತಕ್ಷಣ ಹಿಂದಿನ ಚಕ್ರ ಅಲುಗುವ ಹಾಗೆ. ಪೆಡಲ್ ಹತ್ತಿರದ ಕೊಂಡಿ ಚಕ್ರಕ್ಕೆ ಬಂದು ಮುಟ್ಟುವವರೆಗೆ ಯಾರೂ ಕಾಯುವುದಿಲ್ಲ. ತಂತಿಯ ತುಂಬ ಎಲೆಕ್ಟ್ರಾನ್‌ಗಳು ಮೊದಲೇ ಇವೆ. ಎಲ್ಲವೂ ಒಟ್ಟಿಗೆ ಹೊರಡುತ್ತವೆ.

ಕರೆಂಟ್ ಖರ್ಚಾಗುವುದಿಲ್ಲ ಎಂಬುದನ್ನು ನನ್ನ ಮಾತಿನ ಮೇಲೆ ನಂಬಬೇಕಿಲ್ಲ. ಮೊಳೆಯ ಎರಡೂ ಬದಿಗೆ ಒಂದೊಂದು ಮೊಳ ಉದ್ದ ತಂತಿ ಬಿಟ್ಟುಕೊಳ್ಳಿ. ಮೊಳೆಗೆ ಹೋಗುವ ಮುಂಚಿನ ತಂತಿಯನ್ನು ಸೂಜಿಯ ಮೇಲೆ ಹಿಡಿದು ಅದು ಎಷ್ಟು ತಿರುಗಿತು ನೋಡಿ. ಆಮೇಲೆ ಮೊಳೆಯಿಂದ ಹೊರಬಂದ ತಂತಿಯನ್ನು ಅಷ್ಟೇ ಎತ್ತರದಲ್ಲಿ ಹಿಡಿದು ನೋಡಿ. ಮೊಳೆ ಮಾತ್ರ ಸೂಜಿಯಿಂದ ದೂರ ಇರಲಿ. ಎರಡು ಸಲವೂ ಒಂದೇ ಅಳತೆ ತಿರುಗುತ್ತದೆ. ಮೊಳೆ ಒಂದು ಎಲೆಕ್ಟ್ರಾನನ್ನೂ ಇಟ್ಟುಕೊಂಡಿಲ್ಲ.

ಮತ್ತೆ ಸೆಲ್ ಯಾಕೆ ಬಿಸಿಯಾಯಿತು? ಎರಡು ಮೀಟರ್ ತಾಮ್ರದ ತಂತಿ ಎಲೆಕ್ಟ್ರಾನ್‌ಗಳಿಗೆ ಹೆಚ್ಚುಕಡಿಮೆ ಅಡ್ಡಿಯನ್ನೇ ಮಾಡುವುದಿಲ್ಲ. ಹೀಗಾಗಿ ಹೊಸ ಸೆಲ್ಲಾದರೆ ಎರಡು ಮೂರು ಆಂಪಿಯರ್ ಕರೆಂಟ್ ಹರಿಯುತ್ತದೆ. ನಿಮ್ಮ ಮನೆಯ 9 ವಾಟಿನ ಎಲ್‌ಇಡಿ ಬಲ್ಬಿನಲ್ಲಿ ಹರಿಯುವುದು ಆಂಪಿಯರಿನ ಹತ್ತರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಆ ಪುಟ್ಟ ಸೆಲ್ ಮೈಮೀರಿ ದುಡಿಯುತ್ತಿತ್ತು. ತಂತಿಗಿಂತ ಸೆಲ್ಲಿನ ಒಳಗೇ ಅಡ್ಡಿ ಜಾಸ್ತಿ ಇರಬಹುದು. ಆಗ ಬಿಸಿಯೂ ಅಲ್ಲೇ ಜಾಸ್ತಿ ಹುಟ್ಟುತ್ತದೆ. ಸೆಲ್ಲಿನಲ್ಲಿ ಖರ್ಚಾದದ್ದು ರಾಸಾಯನಿಕದಲ್ಲಿ ಅಡಗಿದ್ದ ಶಕ್ತಿ. ಕರೆಂಟ್ ಬಿಲ್ಲಿನಲ್ಲೂ ನಾವು ದುಡ್ಡು ಕೊಡುವುದು ಶಕ್ತಿಗೇ. 1000 ವಾಟಿನ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್.

ಇಲ್ಲಿ ಮೊಳೆಯ ಪರವಾಗಿ ಒಂದು ಮಾತು ಹೇಳಲೇಬೇಕು. ಪಿನ್ನುಗಳನ್ನು ಹಿಡಿದುಕೊಂಡು ನಿಲ್ಲಲು ಮೊಳೆಗೆ ಶಕ್ತಿಯೇ ಬೇಕಿಲ್ಲ. ಫ್ರಿಜ್ ಬಾಗಿಲಿಗೆ ಅಂಟಿಸಿದ ಆಯಸ್ಕಾಂತ ವರ್ಷಗಟ್ಟಲೆ ದಣಿಯದೆ ನಿಂತಿರುತ್ತದೆ ಅಲ್ವಾ? ಗೋಡೆಯ ಗೂಟ ಚೀಲವನ್ನು ಹೊತ್ತು ನಿಂತ ಹಾಗೆ. ಸೆಲ್ ಜೋಡಿಸಿದ ಮೊದಲ ಕ್ಷಣದಲ್ಲಿ ಸ್ವಲ್ಪ ಶಕ್ತಿ ಕಾಂತವನ್ನು ಎಬ್ಬಿಸಲು ಹೋಗುತ್ತದೆ. ಆಮೇಲೆ ಖರ್ಚಾಗುವುದೆಲ್ಲ ಬರೀ ಬಿಸಿ.

ಆದ್ದರಿಂದ ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಜಾಸ್ತಿ ಸೆಲ್ ಜೋಡಿಸಿಡಬೇಡಿ. ಪಿನ್ನು ಎಣಿಸಿ, ಬಿಡಿಸಿ, ಆರಲು ಬಿಡಿ. ಮೊಬೈಲ್ ಬ್ಯಾಟರಿ ಅಥವಾ ಬೇರೆ ಯಾವುದೇ ಲಿಥಿಯಂ ಬ್ಯಾಟರಿಗೆ ಈ ತಂತಿ ಮುಟ್ಟಿಸಲೇಬಾರದು, ಬೆಂಕಿ ಹತ್ತಿಕೊಳ್ಳಬಹುದು. ಗೋಡೆಯ ಪ್ಲಗ್ಗಿನ ಮಾತಂತೂ ಬೇಡವೇ ಬೇಡ. ಪೆನ್ಸಿಲ್ ಸೆಲ್ಲಿನ ತಳ್ಳುವಿಕೆ 1.5 ವೋಲ್ಟ್. ಅದು ನಮ್ಮ ಚರ್ಮ ದಾಟಿ ಮೈಯೊಳಗೆ ಲೆಕ್ಕಕ್ಕೆ ಬರುವಷ್ಟು ಕರೆಂಟ್ ತಳ್ಳಲಾರದು. ಪ್ಲಗ್ಗಿನಲ್ಲಿರುವುದು 230 ವೋಲ್ಟ್. ಆಂಪಿಯರಿನ ನೂರರಲ್ಲಿ ಕೆಲವೇ ಭಾಗ ಮೈಯೊಳಗೆ ಹರಿದರೂ ಜೀವಕ್ಕೆ ಅಪಾಯ. ಅದಕ್ಕೇ ಮನೆಗಳಲ್ಲಿ ಜನರನ್ನು ಕಾಪಾಡಲು ಹಾಕುವ ಸೋರಿಕೆ ಸ್ವಿಚ್ಚು 30 ಮಿಲಿಆಂಪಿಯರ್, ಅಂದರೆ ಆಂಪಿಯರಿನ ನೂರರಲ್ಲಿ ಮೂರು ಭಾಗ, ಸೋರಿದರೆ ಲೈನ್ ಕಡಿದುಬಿಡುವಂತೆ ಮಾಡಿರುತ್ತಾರೆ. ಈ ಒಂದು ವಿಷಯವನ್ನು ಮಗಳಿಗೆ ಎರಡೆರಡು ಸಲ ಹೇಳಿ.

ಬರೀ ಸುರುಳಿಯೇ ಆಯಸ್ಕಾಂತವಾದರೆ ಮೊಳೆ ಯಾಕೆ ಬೇಕು? ಮೊಳೆ ತೆಗೆದು ಪಿನ್ನು ಎತ್ತಲು ನೋಡಿ. ಒಂದೂ ಏಳುವುದು ಕಷ್ಟ. ಮೊಳೆ ಹಾಕಿದ ಕೂಡಲೇ ಗೊಂಚಲು ಗೊಂಚಲಾಗಿ ಅಂಟುತ್ತವೆ. ಈ ವ್ಯತ್ಯಾಸ ಕಬ್ಬಿಣದ ಒಳಗಿನಿಂದ ಬರುತ್ತದೆ.

ಪ್ರತಿ ಎಲೆಕ್ಟ್ರಾನ್ ಹುಟ್ಟಿನಿಂದಲೇ ಒಂದು ಅತಿ ಪುಟ್ಟ ಆಯಸ್ಕಾಂತ. ತಾಮ್ರದಲ್ಲಿ, ಪ್ಲಾಸ್ಟಿಕ್‌ನಲ್ಲಿ, ಮರದಲ್ಲಿ ಇವು ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುವಂತೆ ಇರುತ್ತವೆ. ಕಬ್ಬಿಣದ ಪ್ರತಿ ಪರಮಾಣುವಿನಲ್ಲಿ ಕೆಲವು ಎಲೆಕ್ಟ್ರಾನ್‌ಗಳ ಬಲ ಅಳಿಯದೆ ಉಳಿದಿರುತ್ತದೆ. ಅಷ್ಟೇ ಅಲ್ಲ, ಅಕ್ಕಪಕ್ಕದ ಪರಮಾಣುಗಳು ತಾವಾಗಿಯೇ ಒಂದೇ ದಿಕ್ಕಿಗೆ ಮುಖ ಮಾಡಿ ಗುಂಪು ಕಟ್ಟಿಕೊಳ್ಳುತ್ತವೆ. ಒಂದೊಂದು ಗುಂಪಿನಲ್ಲೂ ಕೋಟಿಗಟ್ಟಲೆ ಪರಮಾಣುಗಳು. ಊರ ಜಾತ್ರೆಯನ್ನು ನೆನಪಿಸಿಕೊಳ್ಳಿ. ಬಳೆ ಅಂಗಡಿ ಮುಂದೆ ಒಂದು ಗುಂಪು, ಬೆಂಡು ಬತ್ತಾಸಿನ ಮುಂದೆ ಇನ್ನೊಂದು, ತೊಟ್ಟಿಲ ಹತ್ತಿರ ಮಕ್ಕಳ ದಂಡು. ಒಂದೊಂದು ಗುಂಪಿನವರು ಒಂದೊಂದು ದಿಕ್ಕಿಗೆ ನೋಡುತ್ತಿರುತ್ತಾರೆ. ತೇರು ಹೊರಟಿತು ಎಂದರೆ ಸಾಕು, ಇಡೀ ಜಾತ್ರೆಯ ಮುಖ ತೇರಿನ ಕಡೆಗೆ. ಸುರುಳಿಯಲ್ಲಿ ಕರೆಂಟ್ ಹರಿದಾಗ ಮೊಳೆಯೊಳಗೆ ಆಗುವುದು ಹೀಗೇ. ಸುರುಳಿಯ ಸಣ್ಣ ಬಲ ಈ ಗುಂಪುಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಆಮೇಲೆ ಪಿನ್ನು ಎಳೆಯುವ ದೊಡ್ಡ ಕೆಲಸ ಮಾಡುವುದು ಕಬ್ಬಿಣದ ಗುಂಪುಗಳೇ.

ತೇರು ಮುಂದೆ ಹೋದ ಮೇಲೆ ಜನ ತಿರುಗಿ ತಮ್ಮ ತಮ್ಮ ಕಡೆ ಹೋಗುತ್ತಾರೆ. ಕೆಲವರು ಮಾತ್ರ ಅಲ್ಲೇ ನಿಂತು ನೋಡುತ್ತಿರುತ್ತಾರೆ. ನಿಮ್ಮ ಮಗಳ ಎರಡು ಪಿನ್ನು ಹಿಡಿದುಕೊಂಡವರು ಅವರೇ. ಶುದ್ಧವಾದ ಮೆದು ಕಬ್ಬಿಣದಲ್ಲಿ ಗುಂಪುಗಳು ಸಲೀಸಾಗಿ ತಿರುಗುತ್ತವೆ, ಸಲೀಸಾಗಿ ಚದುರುತ್ತವೆ. ಅಂಗಡಿಯ ಮೊಳೆ ಉಕ್ಕಿನದು. ಅದರಲ್ಲಿ ಸ್ವಲ್ಪ ಇಂಗಾಲ ಬೆರೆತಿರುತ್ತದೆ, ಜೊತೆಗೆ ಮೊಳೆ ಮಾಡುವಾಗ ಎಳೆದು ಬಡಿದು ಒಳಗೆ ಬಿಗಿ ಹುಟ್ಟಿರುತ್ತದೆ. ಹೀಗಾಗಿ ಒಮ್ಮೆ ತಿರುಗಿದ ಕೆಲವು ಗುಂಪುಗಳು ಹಾಗೇ ಸಿಕ್ಕಿಕೊಳ್ಳುತ್ತವೆ. ಗಟ್ಟಿ ಉಕ್ಕಾದರೆ ಬಹುಪಾಲು ಗುಂಪುಗಳು ಸಿಕ್ಕಿಕೊಂಡು ಅದು ಕಾಯಂ ಆಯಸ್ಕಾಂತವೇ ಆಗುತ್ತದೆ. ನೀವು ಸವರಿದ ಹೊಲಿಗೆ ಸೂಜಿ ಹಾಗಾದದ್ದೇ.

ಇದು ನಿಜವೋ ಅಲ್ಲವೋ ಪರೀಕ್ಷೆ ಮಾಡಬಹುದು. ಎರಡು ಪಿನ್ನು ಹಿಡಿದ ಮೊಳೆಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ನಾಲ್ಕಾರು ಸಲ ಬಡಿಯಿರಿ. ಕುಲುಕಾಟಕ್ಕೆ ಗುಂಪುಗಳು ಚದುರುತ್ತವೆ. ಮತ್ತೆ ಪಿನ್ನುಗಳ ಹತ್ತಿರ ತಂದರೆ ಈ ಸಲ ಒಂದೂ ಅಂಟದೇ ಇರಬಹುದು, ಇಲ್ಲವೇ ಒಂದು ಅಂಟಬಹುದು. ಬಿಸಿಯೂ ಇದೇ ಕೆಲಸ ಮಾಡುತ್ತದೆ. ಕಬ್ಬಿಣವನ್ನು ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ಪರಮಾಣುಗಳ ತಳಮಳಕ್ಕೆ ಗುಂಪು ಕಟ್ಟುವ ಗುಣವೇ ಹೋಗುತ್ತದೆ, ಕೆಂಡದಂಥ ಆ ಕಬ್ಬಿಣಕ್ಕೆ ಆಯಸ್ಕಾಂತ ಅಂಟುವುದಿಲ್ಲ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಪಿನ್ನು ಜಾಸ್ತಿ ಎತ್ತಬೇಕೆಂದು ಮಗಳು ಖಂಡಿತ ಹಟ ಹಿಡಿಯುತ್ತಾಳೆ. ಸೆಲ್ ಜಾಸ್ತಿ ಮಾಡುವುದು ಬೇಡ, ಸುತ್ತು ಜಾಸ್ತಿ ಮಾಡಲಿ. ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ 1820ರ ದಶಕದಲ್ಲಿ ಕುದುರೆ ಲಾಳದ ಆಕಾರದ ಕಬ್ಬಿಣಕ್ಕೆ ಅರಗು ಬಳಿದು, ಅದರ ಮೇಲೆ ಬರೀ ತಂತಿಯನ್ನು 18 ಸುತ್ತು ಸುತ್ತಿದರು. ಕಬ್ಬಿಣದ ತೂಕ ಸುಮಾರು 200 ಗ್ರಾಂ. ಅದು ಸುಮಾರು 4 ಕಿಲೋ ಎತ್ತಿತು. ಸುತ್ತುಗಳು ಒಂದಕ್ಕೊಂದು ತಾಗಿದರೆ ಕರೆಂಟ್ ಸುತ್ತು ಬಿಟ್ಟು ಅಡ್ಡದಾರಿ ಹಿಡಿಯುತ್ತದೆ, ಹಾಗಾಗಬಾರದು ಎಂದು ಅವರು ಬಿಡಿಬಿಡಿಯಾಗಿ ಸುತ್ತಬೇಕಾಗಿತ್ತು. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ಬಟ್ಟೆ ತೊಡಿಸಿದರು, ರೇಷ್ಮೆಯದು. ಆಗ ಒತ್ತೊತ್ತಾಗಿ, ಪದರದ ಮೇಲೆ ಪದರ ಸುತ್ತಬಹುದಾಯಿತು. 1831ರಲ್ಲಿ ಯೇಲ್ ಕಾಲೇಜಿಗೆ ಅವರು ಮಾಡಿಕೊಟ್ಟ ವಿದ್ಯುತ್ಕಾಂತ 900 ಕಿಲೋಗಿಂತ ಜಾಸ್ತಿ ಭಾರ ಹೊತ್ತಿತು. ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವ ಅಂಗಡಿಯಲ್ಲಿ ಕೇಳಿದರೆ ಉಳಿದ ವೈಂಡಿಂಗ್ ತಂತಿಯ ತುಂಡು ಕೊಡುತ್ತಾರೆ. ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೇಪ ಇರುತ್ತದೆ. ರೇಷ್ಮೆಯ ಕೆಲಸವನ್ನು ಈಗ ಮಾಡುವುದು ಅದೇ. ಎರಡು ತುದಿಯಲ್ಲಿ ಮಾತ್ರ ಉಪ್ಪು ಕಾಗದದಿಂದ ಉಜ್ಜಿ ಲೇಪ ತೆಗೆಯಿರಿ. ಪ್ರಯೋಗ ಆಗಲಿಲ್ಲ ಎಂದು ಅಳುಮುಖ ಮಾಡಿಕೊಂಡು ಬಂದ ಮಕ್ಕಳಲ್ಲಿ ಹೆಚ್ಚಿನವರು ಮರೆತದ್ದು ಈ ಉಜ್ಜುವುದನ್ನೇ.

ಇಷ್ಟು ತಿಳಿದ ಮೇಲೆ ಮಗಳು ಮುಂದಿನ ಪ್ರಶ್ನೆ ಕೇಳದೆ ಬಿಡುವುದಿಲ್ಲ. ಕರೆಂಟಿನಿಂದ ಆಯಸ್ಕಾಂತ ಬಂದರೆ, ಆಯಸ್ಕಾಂತದಿಂದ ಕರೆಂಟ್ ಬರುತ್ತಾ?

ಓರ್‌ಸ್ಟೆಡ್ ನಂತರ ಹತ್ತು ವರ್ಷ ಯುರೋಪಿನ ದೊಡ್ಡ ದೊಡ್ಡವರು ಇದನ್ನೇ ಹುಡುಕಿದರು. ತಂತಿಯ ಪಕ್ಕ ಆಯಸ್ಕಾಂತ ಇಟ್ಟು ಕಾದರು. ಏನೂ ಬರಲಿಲ್ಲ. ಲಂಡನ್ನಿನ ಮೈಕೆಲ್ ಫ್ಯಾರಡೆ ಕಮ್ಮಾರನ ಮಗ. ಶಾಲೆ ಓದಿದ್ದು ಕಡಿಮೆ, ಹುಡುಗನಾಗಿದ್ದಾಗ ಪುಸ್ತಕ ಬೈಂಡಿಂಗ್ ಕೆಲಸ ಕಲಿತು, ಬೈಂಡ್ ಮಾಡಲು ಬಂದ ಪುಸ್ತಕಗಳನ್ನೇ ಓದಿ ಬೆಳೆದವರು. 1831ರಲ್ಲಿ ಅವರಿಗೆ ಗುಟ್ಟು ಸಿಕ್ಕಿತು. ಆಯಸ್ಕಾಂತವನ್ನು ಸುರುಳಿಯೊಳಗೆ ತೂರಿಸುವಾಗ ಒಂದು ಕ್ಷಣ ಕರೆಂಟ್ ಬರುತ್ತದೆ. ಒಳಗೆ ಸುಮ್ಮನೆ ಇಟ್ಟರೆ ನಿಲ್ಲುತ್ತದೆ. ಹೊರಗೆಳೆಯುವಾಗ ಮತ್ತೆ ಬರುತ್ತದೆ, ಎದುರು ದಿಕ್ಕಿಗೆ. ಆವೇಶ ಸಾಗಿದರೆ ಕಾಂತ ಹುಟ್ಟುವಂತೆ, ಕಾಂತ ಅಲುಗಾಡಿದರೆ ಆವೇಶಕ್ಕೆ ತಳ್ಳುವಿಕೆ ಸಿಗುತ್ತದೆ. ಮೊದಲಿನವರು ಆಯಸ್ಕಾಂತವನ್ನು ಅಲುಗಾಡಿಸದೆ ಇಟ್ಟು ಕಾದಿದ್ದರು.

ನಮ್ಮ ಕಾವೇರಿ ಶಿವನಸಮುದ್ರದಲ್ಲಿ ಈ ಕೆಲಸ ಶುರುಮಾಡಿದ್ದು 1902ರಲ್ಲಿ. ಬೀಳುವ ನೀರು ಯಂತ್ರವನ್ನು ತಿರುಗಿಸಿತು, ಸುರುಳಿ ಮತ್ತು ಆಯಸ್ಕಾಂತ ಒಂದರ ಪಕ್ಕ ಒಂದು ಸರಿದಾಡಿದವು, ಹುಟ್ಟಿದ ಕರೆಂಟ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಅಲ್ಲಿಂದಲೇ. ಈಗಿನ ದೊಡ್ಡ ಜಲವಿದ್ಯುತ್ ಕೇಂದ್ರಗಳ ಜನರೇಟರಿನಲ್ಲಿ ತಿರುಗುವ ಆಯಸ್ಕಾಂತ ಯಾವುದು ಗೊತ್ತಾ? ಕಬ್ಬಿಣಕ್ಕೆ ತಂತಿ ಸುತ್ತಿ ಕರೆಂಟ್ ಹರಿಸಿದ್ದು. ನಿಮ್ಮ ಮಗಳು ಮೊಳೆಯಲ್ಲಿ ಮಾಡಿದ್ದೇ, ಮನೆಯಷ್ಟು ದೊಡ್ಡದಾಗಿ. ಅದು ತಿರುಗುವಾಗ ಉತ್ತರ ಧ್ರುವ ಒಮ್ಮೆ, ದಕ್ಷಿಣ ಧ್ರುವ ಒಮ್ಮೆ ಸುರುಳಿಯ ಮುಂದೆ ಹಾಯುತ್ತದೆ. ಅದಕ್ಕೇ ಮನೆಯ ಕರೆಂಟ್ ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ನಿಮ್ಮ ಫ್ಯಾನಿನ ತಂತಿಯಲ್ಲಿರುವ ಎಲೆಕ್ಟ್ರಾನ್‌ಗಳು ಶಿವನಸಮುದ್ರದಿಂದ ಬಂದವಲ್ಲ. ಅಲ್ಲೇ ಇದ್ದವು, ಇದ್ದಲ್ಲೇ ತೂಗಾಡುತ್ತವೆ.

ನಾನು ಹುಡುಗನಾಗಿದ್ದಾಗ ಅಪ್ಪನ ಸೈಕಲ್‌ಗೆ ಡೈನಮೋ ಇತ್ತು. ಸೀಸೆಯಾಕಾರದ್ದು, ಟೈರಿಗೆ ಒರಗಿಸಿದರೆ ಗಿರ್ರನೆ ತಿರುಗಿ ದೀಪ ಹತ್ತಿಸುತ್ತಿತ್ತು. ರಾತ್ರಿ ಅದನ್ನು ಒರಗಿಸಿದ ಕೂಡಲೇ ತುಳಿಯುವುದು ಭಾರ ಆಗುತ್ತಿತ್ತು. ಟೈರಿಗೆ ಉಜ್ಜುವುದರಿಂದ ಹೀಗೆ ಎಂದುಕೊಂಡಿದ್ದೆ. ಒಂದು ರಾತ್ರಿ ಬಲ್ಬು ಸುಟ್ಟುಹೋಯಿತು. ಡೈನಮೋ ಒರಗಿಯೇ ಇತ್ತು, ಉಜ್ಜುತ್ತಲೇ ಇತ್ತು. ಆದರೆ ಸೈಕಲ್ ಹಗುರವಾಯಿತು. ಅದು ಯಾಕೆ ಎಂದು ತಿಳಿಯಲು ನನಗೆ ಕಾಲೇಜಿನವರೆಗೆ ಕಾಯಬೇಕಾಯಿತು. ನಿಮ್ಮ ಮಗಳು ಅಷ್ಟು ಕಾಯಬೇಕಿಲ್ಲ.

ಶಾಲೆ ಮಕ್ಕಳು ರೋಬೋಟ್ ಮಾಡಲು ಬಳಸುವ ಹಳದಿ ಬಣ್ಣದ ಗೇರ್ ಮೋಟರ್, ಗಾಲಿ ಸಮೇತ, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಒಳಗೆ ಇರುವುದು ಆಯಸ್ಕಾಂತ ಮತ್ತು ಸುರುಳಿ. ಸೆಲ್ ಜೋಡಿಸಿದರೆ ಗಾಲಿ ತಿರುಗುತ್ತದೆ. ಸೆಲ್ ತೆಗೆದು, ಒಂದು ಕೆಂಪು ಎಲ್‌ಇಡಿ ಜೋಡಿಸಿ, ಗಾಲಿಯನ್ನು ಕೈಯಿಂದ ಬೇಗ ಬೇಗ ತಿರುಗಿಸಲಿ. ಒಂದು ದಿಕ್ಕಿಗೆ ತಿರುಗಿಸಿದರೆ ದೀಪ ಮಿನುಗುತ್ತದೆ, ಇನ್ನೊಂದು ದಿಕ್ಕಿಗೆ ಇಲ್ಲ. ಎಲ್‌ಇಡಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ ಎಂದಷ್ಟೇ ತಿಳಿಸಿ, ಯಾಕೆ ಹೀಗೆ ಎಂದು ಅವಳೇ ಹೇಳಬಲ್ಲಳು.

ಆಮೇಲೆ ಎಲ್‌ಇಡಿ ತೆಗೆದುಬಿಡಲಿ. ಮೋಟರಿನ ಎರಡು ತಂತಿಗಳು ಬಿಡಿಯಾಗಿರುವಾಗ ಗಾಲಿಯನ್ನು ಒಮ್ಮೆ ತಿರುಗಿಸಲಿ. ಎರಡೂ ತುದಿಗಳನ್ನು ಒಂದಕ್ಕೊಂದು ಸುತ್ತಿ ಸೇರಿಸಿ ಮತ್ತೊಮ್ಮೆ ತಿರುಗಿಸಲಿ. ಎರಡನೇ ಸಲ ಬೆರಳಿಗೆ ಗಾಲಿ ಬಿಗಿ ಹತ್ತುತ್ತದೆ. ತಂತಿ ಸೇರಿದಾಗ ಕರೆಂಟ್ ಹರಿಯಲು ದಾರಿ ಸಿಕ್ಕಿತು. ಹರಿದ ಕರೆಂಟ್ ತಾನೂ ಒಂದು ಆಯಸ್ಕಾಂತವಾಗಿ, ತಿರುಗಿಸುವ ಕೈಗೆ ಎದುರು ನಿಂತಿತು. ದೀಪ ಉರಿಯುತ್ತಿದ್ದ ಸೈಕಲ್ ಭಾರವಾಗಿದ್ದದ್ದು ಇದಕ್ಕೇ. ಸಂಜೆ ಊರೂರಿನ ಮನೆಗಳಲ್ಲಿ ದೀಪ ಹತ್ತಿದಾಗ ಶರಾವತಿಯ ಜನರೇಟರುಗಳು ತಿರುಗಲು ಭಾರವಾಗುವುದೂ, ಅವುಗಳ ವೇಗ ಇಳಿಯದಂತೆ ಟರ್ಬೈನಿಗೆ ಇನ್ನಷ್ಟು ನೀರು ಬಿಡಬೇಕಾಗುವುದೂ ಇದಕ್ಕೇ. ಗಾಲಿಯನ್ನು ಜೋರಾಗಿ ತಿರುಚದೆ ಹಗುರವಾಗಿ ತಿರುಗಿಸಲು ಹೇಳಿ, ಒಳಗಿನ ಗೇರು ಪ್ಲಾಸ್ಟಿಕ್ಕಿನದು.